ರಕ್ತಪರೀಕ್ಷೆಯಲ್ಲಿ 14 ಆಹಾರಗಳಿಗೆ ‘ಪಾಸಿಟಿವ್’ ಬಂದಿದೆ: ಮಗಳ ಊಟದಿಂದ ಇವನ್ನೆಲ್ಲ ಬಿಡಿಸಬೇಕೇ?

ಶಾಲಿನಿ_ಮೈಸೂರು
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಬೆಳಗ್ಗೆ ಎದ್ದ ಕೂಡಲೇ ಒಂದೇ ಸಮನೆ ಸೀನುತ್ತಾಳೆ, ಮೂಗನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾಳೆ, ಚಳಿಗಾಲದಲ್ಲಿ ಮೊಣಕೈ ಮಡಿಕೆಯ ಚರ್ಮ ಒಣಗಿ ತುರಿಸುತ್ತದೆ. ಪರಿಚಿತರೊಬ್ಬರ ಮಾತು ಕೇಳಿ ಒಂದು ಪ್ರಯೋಗಾಲಯದಲ್ಲಿ ‘ಸಮಗ್ರ ಅಲರ್ಜಿ ಪ್ಯಾಕೇಜ್’ ಮಾಡಿಸಿದೆವು. ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ತೊಗರಿಬೇಳೆ, ತೆಂಗಿನಕಾಯಿ, ಬದನೆಕಾಯಿ ಸೇರಿ 14 ಆಹಾರಗಳ ಮುಂದೆ ಕೆಂಪು ಗುರುತು ಹಾಕಿ ಕಳುಹಿಸಿದ್ದಾರೆ. ಅವೆಲ್ಲವನ್ನೂ ಆರು ತಿಂಗಳು ಬಿಡಿಸಬೇಕೆಂದು ಅಲ್ಲಿನ ಸಿಬ್ಬಂದಿ ದೂರವಾಣಿಯಲ್ಲೇ ಹೇಳಿಬಿಟ್ಟರು. ಆದರೆ ಇವಳು ಇವೆಲ್ಲವನ್ನೂ ದಿನನಿತ್ಯ ತಿನ್ನುತ್ತಾಳೆ, ತಿಂದ ಮೇಲೆ ಏನೂ ಆಗುವುದಿಲ್ಲ. ಬೇಳೆ, ಕಾಯಿ, ಹಾಲು ಬಿಟ್ಟರೆ ನಮ್ಮ ಅಡುಗೆಮನೆಯಲ್ಲಿ ಉಳಿಯುವುದಾದರೂ ಏನು? ‘ನಮ್ಮ ಕಾಲದಲ್ಲಿ ಈ ಅಲರ್ಜಿ ಎಲ್ಲಿತ್ತು’ ಎಂದು ಅತ್ತೆ ಕೇಳುತ್ತಾರೆ, ಅದಕ್ಕೂ ನನ್ನ ಬಳಿ ಉತ್ತರವಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಪ್ರಶ್ನಾರ್ಥಕ
ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ಬೇರೆ ಬೇರೆ ಬಗೆಗಳಿವೆ. ವರದಿಯಲ್ಲಿ ಅಳೆದಿರುವುದು ಐಜಿಇಯೋ ಐಜಿಜಿಯೋ? ಅದನ್ನು ನೋಡದೆ ಯಾರೂ ಉತ್ತರ ಕೊಡಬೇಡಿ.

ಶಾಲಿನಿ_ಮೈಸೂರು
ಈಗ ನೋಡಿದೆ. ಒಂಬತ್ತು ಆಹಾರಗಳ ಮುಂದೆ ಐಜಿಜಿ ಎಂದಿದೆ. ಉಳಿದ ಐದರ ಮುಂದೆ ಐಜಿಇ ಎಂದಿದ್ದು, ಎಲ್ಲವೂ ‘ಕಡಿಮೆ’ ಅಥವಾ ‘ಮಧ್ಯಮ’ ವರ್ಗದಲ್ಲಿವೆ. ಆಹಾರವಲ್ಲದವುಗಳ ಪಟ್ಟಿ ಬೇರೆಯೇ ಇದೆ. ಅದರಲ್ಲಿ ದೂಳಿನ ನುಸಿಯ ಮುಂದೆ ‘ಅತಿ ಹೆಚ್ಚು’ ಎಂದು ಬರೆದಿದ್ದಾರೆ.

ಮಕ್ಕಳವೈದ್ಯೆ
ಶಾಲಿನಿಯವರೇ, ಮೊದಲು ಆ ಒಂಬತ್ತನ್ನು ಪಟ್ಟಿಯಿಂದ ಹೊಡೆದುಹಾಕಿ. ಐಜಿಜಿ ಎನ್ನುವುದು ಶಾಲೆಯ ಹಾಜರಿ ಪುಸ್ತಕವಿದ್ದಂತೆ. ಯಾವ ಆಹಾರ ಹೊಟ್ಟೆಗೆ ಬಂದುಹೋಗಿದೆ ಎಂಬುದನ್ನು ಅದು ಹೇಳುತ್ತದೆ, ಯಾರು ಗಲಾಟೆ ಮಾಡಿದರು ಎಂಬುದನ್ನು ಹೇಳುವುದಿಲ್ಲ. ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ಐಜಿಜಿ ಪರೀಕ್ಷೆಯನ್ನು ಬಳಸಬಾರದೆಂದು ಜಗತ್ತಿನ ಪ್ರಮುಖ ಅಲರ್ಜಿ ತಜ್ಞರ ಸಂಘಟನೆಗಳು ಸ್ಪಷ್ಟವಾಗಿ ಹೇಳಿವೆ.

ಇನ್ನು ಐಜಿಇ ವಿಷಯ. ಯಾವುದೋ ಒಂದು ಪ್ರೋಟೀನನ್ನು ದೇಹ ಶತ್ರುವೆಂದು ಗುರುತಿಸಿಕೊಂಡಾಗ ಅದರ ವಿರುದ್ಧ ಐಜಿಇ ಪ್ರತಿಕಾಯಗಳು ತಯಾರಾಗಿ ಚರ್ಮ, ಮೂಗು, ಶ್ವಾಸನಾಳ, ಕರುಳಿನಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕುಳಿತುಕೊಳ್ಳುತ್ತವೆ. ಅದೇ ಪ್ರೋಟೀನು ಮತ್ತೆ ಬಂದು ಅವುಗಳಿಗೆ ಅಂಟಿಕೊಂಡಾಗ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಯುತ್ತವೆ. ಸೀನು, ತುರಿಕೆ, ಗಂಧೆ, ಉಬ್ಬಸ ಎಲ್ಲವೂ ಅದರ ಫಲ. ಆದರೆ ರಕ್ತದಲ್ಲಿ ಐಜಿಇ ಇದ್ದಮಾತ್ರಕ್ಕೆ ಈ ಕೊನೆಯ ಹಂತ ನಡೆಯಲೇಬೇಕೆಂದಿಲ್ಲ. ಇದಕ್ಕೆ ನಮ್ಮ ಊರುಗಳದ್ದೇ ಪುರಾವೆಯಿದೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಆಹಾರಗಳಲ್ಲಿ ಯಾವುದಾದರೂ ಒಂದಕ್ಕೆ ಐಜಿಇ ಇದ್ದವರ ಪ್ರಮಾಣ ಶೇ 26.5. ಅದೇ ಆಹಾರವನ್ನು ತಿಂದು ನಿಜವಾಗಿ ತೊಂದರೆ ಅನುಭವಿಸಿ, ಅಲರ್ಜಿ ಇರಬಹುದೆಂದು ಗುರುತಿಸಲಾದವರು ಶೇ 1.2 ಮಾತ್ರ. ಪರೀಕ್ಷೆಯ ಕಾಗದವನ್ನೊಂದೇ ನಂಬಿದ್ದರೆ ನಾಲ್ವರಲ್ಲಿ ಒಬ್ಬರು ಸುಮ್ಮನೆ ಪಥ್ಯ ಮಾಡಬೇಕಾಗುತ್ತಿತ್ತು.

ನಿಮ್ಮ ಮಗಳು ತೊಂದರೆಯಿಲ್ಲದೆ ತಿನ್ನುತ್ತಿರುವ ಯಾವುದನ್ನೂ ನಿಲ್ಲಿಸಬೇಡಿ. ಇಸುಬಿರುವ, ಅಂದರೆ ಚರ್ಮ ಒಣಗಿ ತುರಿಸುವ ಮಕ್ಕಳಲ್ಲಿ, ಸಹಿಸಿಕೊಳ್ಳುತ್ತಿದ್ದ ಆಹಾರವನ್ನು ತಿಂಗಳುಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ಹೊಸದಾಗಿ ಅಲರ್ಜಿ ಕಾಣಿಸಿಕೊಂಡ ಉದಾಹರಣೆಗಳಿವೆ. ನೀವು ವಿವರಿಸಿದ ಲಕ್ಷಣಗಳಿಗೆ ಹೊಂದುವುದು ಹಾಸಿಗೆ-ಹೊದಿಕೆಗಳಲ್ಲಿ ಬದುಕುವ ಆ ದೂಳಿನ ನುಸಿಯೇ ಹೊರತು ತೊಗರಿಬೇಳೆಯಲ್ಲ.

ಬನಶಂಕರಿವಾಸಿ
ಡಾಕ್ಟರೇ, ಒಪ್ಪುವುದು ಕಷ್ಟ. ನನ್ನ ತಮ್ಮ ಇಂಥದ್ದೇ ವರದಿಯನ್ನು ನಂಬಿ ಗೋಧಿ, ಹಾಲು ಎರಡನ್ನೂ ಬಿಟ್ಟ, ಅವನ ಹೊಟ್ಟೆಯುಬ್ಬರ ಪೂರ್ತಿ ಹೋಯಿತು. ಪರೀಕ್ಷೆ ಸುಳ್ಳಾದರೆ ಗುಣವಾದದ್ದು ಹೇಗೆ?

ಪ್ರಶ್ನಾರ್ಥಕ
ನಿಮ್ಮ ತಮ್ಮನಿಗೆ ಹಾಲಿನ ಸಕ್ಕರೆ ಜೀರ್ಣವಾಗದಿರುವ ಸಾಧ್ಯತೆ ದೊಡ್ಡದು. ದಕ್ಷಿಣ ಭಾರತದ ವಯಸ್ಕರಲ್ಲಿ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಕಡಿಮೆಯಿರುವುದು ತೀರಾ ಸಾಮಾನ್ಯ. ಅದರಿಂದ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ, ಆದರೆ ಅದು ರೋಗನಿರೋಧಕ ವ್ಯವಸ್ಥೆಯ ಕೆಲಸವೇ ಅಲ್ಲ, ಅದರಿಂದ ಯಾರ ಗಂಟಲೂ ಊದಿಕೊಳ್ಳುವುದಿಲ್ಲ. ಅವರು ಒಂದು ಲೋಟ ಮಜ್ಜಿಗೆ ಕುಡಿದು ಆರಾಮಾಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಾಲು, ಗೋಧಿ ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಾದರೂ ಹೇಗೆ?

ಬನಶಂಕರಿವಾಸಿ
ಮಜ್ಜಿಗೆ ಕುಡಿಯುತ್ತಾನೆ, ನಿಜ. ಆದರೆ ಗೋಧಿಯ ವಿಷಯಕ್ಕೆ ನೀವು ಉತ್ತರ ಕೊಡಲಿಲ್ಲ.

ಮಕ್ಕಳವೈದ್ಯೆ
ಗೋಧಿಯಿಂದ ಮೂರು ಬೇರೆ ಬೇರೆ ತೊಂದರೆಗಳು ಬರಬಹುದು: ಐಜಿಇ ಅಲರ್ಜಿ, ಗೋಧಿಯ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ, ಕೇವಲ ಹೊಟ್ಟೆಯುಬ್ಬರ. ಸೀಲಿಯಾಕ್ ಪತ್ತೆಮಾಡುವ ರಕ್ತಪರೀಕ್ಷೆ ಬೇರೆಯದೇ, ಮತ್ತು ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೊದಲೇ ಬಿಟ್ಟುಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗುತ್ತದೆ. ಅಂದಾಜಿನ ಪಥ್ಯದ ಅಪಾಯ ಇದೇ.

ತೋಟದಮನೆ_ತೀರ್ಥಹಳ್ಳಿ
ಅಲರ್ಜಿ ಹೊಸದಲ್ಲ ಎಂಬುದನ್ನು ಶಾಲಿನಿಯವರ ಅತ್ತೆಯವರಿಗೆ ನಾನು ಹೇಳಬಯಸುತ್ತೇನೆ. ನಮ್ಮಲ್ಲಿ ಬದನೆಕಾಯಿ ನಂಜು, ಕೆಲವು ಮೀನು ನಂಜು ಎಂದು ಗಾಯವಾದವರಿಗೆ, ಬಾಣಂತಿಯರಿಗೆ ಕೊಡದಿರುವ ಪದ್ಧತಿ ಹಿಂದಿನಿಂದಲೂ ಇದೆ. ಕಾಡಿನಲ್ಲಿ ಹೊಳೆಗೇರು ಮರದ ಕೆಳಗೆ ಮಳೆಯಲ್ಲಿ ನಿಂತವರ ಮುಖ ಮರುದಿನ ಊದಿಕೊಂಡು ಕಣ್ಣು ಮುಚ್ಚಿಹೋಗುವುದನ್ನು ನಮ್ಮ ಕಡೆ ನೋಡದವರಿಲ್ಲ. ಅಪ್ಪೆಮಿಡಿ ಕೊಯ್ಯುವ ಕಾಲದಲ್ಲಿ ತೊಟ್ಟು ಮುರಿದಾಗ ಸೊನೆ ಚಿಮ್ಮಿ ಕೈಗೆ, ಕೆನ್ನೆಗೆ ತಾಗಿದರೆ ಮೊದಲ ದಿನ ಏನೂ ಕಾಣುವುದಿಲ್ಲ. ಎರಡನೆಯ ದಿನ ಚರ್ಮ ಕಪ್ಪಿಟ್ಟು, ನೀರ್ಗುಳ್ಳೆ ಎದ್ದು, ತುರಿಕೆಯಿಂದ ರಾತ್ರಿ ನಿದ್ದೆಯಿರುವುದಿಲ್ಲ. ನಮ್ಮ ಮನೆಯಲ್ಲಿ ಮಿಡಿ ಬಿಡಿಸುವ ಹೆಂಗಸರು ಕೈಗೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕೂರುವುದು. ನನಗೆ ಹಾಗಾಗುತ್ತದೆ, ನನ್ನ ಹೆಂಡತಿ ಅದೇ ಸೊನೆಯಲ್ಲಿ ಕೈಯಾಡಿಸಿದರೂ ಏನೂ ಆಗುವುದಿಲ್ಲ. ಇದಕ್ಕೇನು ಹೇಳುತ್ತೀರಿ?

ಚರ್ಮತಜ್ಞ_ಧಾರವಾಡ
ಬಹಳ ಒಳ್ಳೆಯ ಉದಾಹರಣೆ, ಏಕೆಂದರೆ ಇದು ಐಜಿಇಗೆ ಸಂಬಂಧವೇ ಇಲ್ಲದ ಅಲರ್ಜಿ. ಮಾವು, ಗೇರು, ಹೊಳೆಗೇರು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿವೆ. ಅವುಗಳ ಸೊನೆಯಲ್ಲಿರುವ ಎಣ್ಣೆಯಂಥ ಸಣ್ಣ ಅಣುಗಳು ಚರ್ಮದ ಪ್ರೋಟೀನಿಗೆ ಅಂಟಿಕೊಂಡು, ಪ್ರತಿಕಾಯಗಳ ಬದಲಾಗಿ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳನ್ನು ಕೆರಳಿಸುತ್ತವೆ. ಆ ಕೋಶಗಳು ಜಮಾಯಿಸಲು ಒಂದೆರಡು ದಿನ ಬೇಕಾಗುವುದರಿಂದಲೇ ನಿಮ್ಮ ನೀರ್ಗುಳ್ಳೆ ತಡವಾಗಿ ಏಳುತ್ತದೆ. ಇದಕ್ಕೆ ರಕ್ತಪರೀಕ್ಷೆ ನಿರುಪಯೋಗಿ, ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗಳ ನಂತರ ತೆಗೆದುನೋಡುವ ಪ್ಯಾಚ್ ಪರೀಕ್ಷೆ ಬೇಕು. ಕೃತಕ ಒಡವೆಯ ನಿಕ್ಕಲ್, ಕೂದಲಿನ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೂಡ ಇದೇ ಜಾತಿಯವು.

ಮಾವಿನ ಹಣ್ಣು ತಿಂದರೆ ತುಟಿಯ ಸುತ್ತ ಕಪ್ಪಾಗುತ್ತದೆ ಎಂದು ಬರುವವರಲ್ಲಿ ಬಹಳ ಮಂದಿ, ಸಿಪ್ಪೆ ಹೆರೆದು ತೊಟ್ಟಿನ ಭಾಗ ತೆಗೆದ ಹಣ್ಣನ್ನು ಹೋಳು ಮಾಡಿಕೊಟ್ಟರೆ ಯಾವ ತೊಂದರೆಯೂ ಇಲ್ಲದೆ ತಿನ್ನುತ್ತಾರೆ. ಹಣ್ಣಿನ ಮೇಲೆ ಆರೋಪ ಹೊರಿಸಿ ಬೇಸಿಗೆಯನ್ನೇ ಹಾಳುಮಾಡಿಕೊಳ್ಳುವ ಅಗತ್ಯವಿಲ್ಲ.

ಮಕ್ಕಳವೈದ್ಯೆ
ಬದನೆಕಾಯಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇದನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಬದನೆಕಾಯಿ ತಿಂದರೆ ತುರಿಸುತ್ತದೆ ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ, ಆದರೆ ಅವರಲ್ಲಿ ಐಜಿಇ ಅಲರ್ಜಿ ಸಾಬೀತಾದವರು ಅತ್ಯಲ್ಪ. ಬದನೆಯಲ್ಲೇ ಹಿಸ್ಟಮಿನ್ ಸಹಜವಾಗಿ ಇರುವುದರಿಂದ ಕೆಲವರಿಗೆ ಬಾಯಿ ತುರಿಸಬಹುದು. ಹಿರಿಯರು ಗಮನಿಸಿದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಹಳ್ಳಿಹೈದ
ನನ್ನ ಅಭಿಪ್ರಾಯದಲ್ಲಿ ಇದೆಲ್ಲವೂ ಮಕ್ಕಳನ್ನು ಮಣ್ಣಿಗೆ ಬಿಡದೆ ಸಾಕಿದ್ದರ ಫಲ. ನಾವು ಕೊಟ್ಟಿಗೆಯಲ್ಲಿ, ಕೆರೆಯಲ್ಲಿ ಬೆಳೆದವರು, ನಮಗೆ ಯಾವ ಅಲರ್ಜಿಯೂ ಬರಲಿಲ್ಲ. ಮಗುವನ್ನು ಊರಿಗೆ ಕಳುಹಿಸಿ, ಎರಡು ತಿಂಗಳಲ್ಲಿ ಸರಿಹೋಗುತ್ತದೆ.

ಪ್ರಶ್ನಾರ್ಥಕ
ಅರ್ಧ ಸರಿ, ಅರ್ಧ ಅಪಾಯಕಾರಿ. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್, ಅಣ್ಣ-ಅಕ್ಕಂದಿರು ಹೆಚ್ಚಿರುವ ಮನೆಯ ಕಿರಿಯ ಮಕ್ಕಳಲ್ಲಿ ಪರಾಗದ ಶೀತ ಕಡಿಮೆ ಎಂಬುದನ್ನು ತೋರಿಸಿ, ಚಿಕ್ಕಂದಿನ ಸೋಂಕುಗಳು ರಕ್ಷಣೆ ಕೊಡುತ್ತಿರಬಹುದೆಂಬ ಊಹೆ ಮುಂದಿಟ್ಟರು. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅಮೆರಿಕದ ಎರಡು ಕೃಷಿಕ ಸಮುದಾಯಗಳಿಂದ 2016ರಲ್ಲಿ ಬಂತು. ಆಮಿಶ್ ಮತ್ತು ಹಟರೈಟ್ ಜನರ ಮೂಲ, ಆಹಾರ, ಕುಟುಂಬದ ಗಾತ್ರ ಹೆಚ್ಚುಕಡಿಮೆ ಒಂದೇ. ಆಮಿಶರು ಮನೆಯ ಪಕ್ಕದಲ್ಲೇ ಹಸು ಕಟ್ಟಿ ಹಳೆಯ ಪದ್ಧತಿಯಲ್ಲಿ ಬೇಸಾಯ ಮಾಡುತ್ತಾರೆ, ಹಟರೈಟರದ್ದು ದೂರದ ದೊಡ್ಡ ಯಂತ್ರ ಬೇಸಾಯ. ಶಾಲಾಮಕ್ಕಳಲ್ಲಿ ಆಸ್ತಮಾ ಮೊದಲಿನವರಲ್ಲಿ ಸುಮಾರು ಶೇ 5, ಎರಡನೆಯವರಲ್ಲಿ ಸುಮಾರು ಶೇ 21. ಆಮಿಶ್ ಮನೆಗಳ ದೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಹಲವು ಪಟ್ಟು ಹೆಚ್ಚಿತ್ತು.

ಆದರೆ ಇಲ್ಲಿ ಎರಡು ಎಚ್ಚರಿಕೆಗಳಿವೆ. ಈ ರಕ್ಷಣೆ ಸಿಗುವುದು ಗರ್ಭಾವಸ್ಥೆ ಮತ್ತು ಮೊದಲ ಒಂದೆರಡು ವರ್ಷಗಳಲ್ಲಿ. ಆರು ವರ್ಷದ, ಈಗಾಗಲೇ ಸೀನುತ್ತಿರುವ ಮಗುವನ್ನು ಹುಲ್ಲಿನ ದೂಳಿಗೆ ಕಳುಹಿಸಿದರೆ ಉಬ್ಬಸ ಹೆಚ್ಚಾಗಬಹುದು. ಎರಡನೆಯದಾಗಿ, ಹಸುವಿನ ಒಡನಾಟ ಬೇರೆ, ಕೊಳಕು ನೀರು ಬೇರೆ. ಕೈ ತೊಳೆಯದಿದ್ದರೆ ಅಲರ್ಜಿ ಹೋಗುವುದಿಲ್ಲ, ಟೈಫಾಯಿಡ್ ಬರುತ್ತದೆ.

ಹಳ್ಳಿಹೈದ
ಹಾಗಾದರೆ ಬೆಂಗಳೂರಿನ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5 ಆಯಿತಲ್ಲ, ಅದಕ್ಕೆ ಹಳ್ಳಿ ಬಿಟ್ಟದ್ದಲ್ಲದೆ ಮತ್ತೇನು ಕಾರಣ?

ಮಕ್ಕಳವೈದ್ಯೆ
ಅದು ಡಾ. ಎಚ್. ಪರಮೇಶ್ ಅವರ ಅಧ್ಯಯನದ ಅಂಕಿ, ಮತ್ತು ಅದು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದ ಮಕ್ಕಳ ಲೆಕ್ಕ. ಊರಿನ ಎಲ್ಲ ಮಕ್ಕಳಲ್ಲಿ ಮೂರರಲ್ಲೊಬ್ಬರಿಗೆ ಆಸ್ತಮಾ ಎಂದು ಅದನ್ನು ಓದಬಾರದು. ಏರಿಕೆಯಂತೂ ಇದೆ. ಆ ಅವಧಿಯಲ್ಲಿ ನಗರದ ವಾಹನಗಳ ಹೊಗೆಯೂ ಏರಿತೆಂಬುದನ್ನು ಬಿಟ್ಟು ಮಣ್ಣಿನಾಟವನ್ನೊಂದೇ ಹಿಡಿದುಕೊಳ್ಳುವುದು ನ್ಯಾಯವಲ್ಲ.

ನ್ಯೂಜೆರ್ಸಿ_ಕನ್ನಡತಿ
ಇಲ್ಲಿ ನಮ್ಮ ಮಗನಿಗೆ ಕಡಲೆಕಾಯಿಯ ನಿಜವಾದ ಅಲರ್ಜಿ ಇದೆ. ಒಂದು ಬೀಜದ ಚೂರು ತಿಂದು ಹತ್ತು ನಿಮಿಷದೊಳಗೆ ಮೈಯೆಲ್ಲ ಗಂಧೆಯೆದ್ದು, ವಾಂತಿಯಾಗಿ, ಧ್ವನಿ ಬದಲಾಗಿತ್ತು. ಶಾಲಿನಿಯವರು ಹೇಳುತ್ತಿರುವುದಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಿದವರು ಮರೆಯುವುದಿಲ್ಲ. ಸಂಕ್ರಾಂತಿಯಲ್ಲಿ ಕನ್ನಡ ಸಂಘದ ಮನೆಗಳಿಂದ ಎಳ್ಳು-ಬೆಲ್ಲ ಬರುತ್ತದೆ. ಅದರಲ್ಲಿ ಕಡಲೆಕಾಯಿ ಬೀಜವೂ ಇರುತ್ತದೆ, ಎಳ್ಳೂ ಇರುತ್ತದೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯವಾಗಿದೆ. ಆದರೆ ಬೀರಿದ ಎಳ್ಳಿನ ಸಣ್ಣ ಚೀಲಕ್ಕೆ ಯಾವ ಲೇಬಲ್ಲೂ ಇರುವುದಿಲ್ಲವಲ್ಲ! ಪ್ರೀತಿಯಿಂದ ಕೊಟ್ಟವರಿಗೆ ಬೇಡವೆನ್ನುವುದು ಕಷ್ಟ, ಆದ್ದರಿಂದ ನಾನೇ ತೆಗೆದುಕೊಂಡು ಕಾರಿನಲ್ಲಿ ಬೇರೆ ಇಡುತ್ತೇನೆ.

ನನ್ನ ಪ್ರಶ್ನೆಯೆಂದರೆ, ಬಸುರಿಯಾಗಿದ್ದಾಗ ಕಡಲೆಕಾಯಿ ತಿನ್ನದಿದ್ದರೆ ಒಳ್ಳೆಯದೆಂದು ಆಗ ಹಲವರು ಹೇಳಿದ್ದರು. ಅದು ಸರಿಯೇ?

ಮಕ್ಕಳವೈದ್ಯೆ
ಆ ಸಲಹೆಯನ್ನು ಕೈಬಿಟ್ಟು ವರ್ಷಗಳಾದವು, ಮತ್ತು ಮಗುವಿಗೆ ಅಲರ್ಜಿ ಬಂದದ್ದಕ್ಕೆ ತಾಯಿಯ ಊಟವನ್ನು ದೂರುವುದು ಖಂಡಿತ ತಪ್ಪು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನದಲ್ಲಿ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿದರು. ಕಡಲೆಕಾಯಿಯನ್ನು ದೂರವಿಟ್ಟ ಮಕ್ಕಳಲ್ಲಿ ಐದನೆಯ ವರ್ಷಕ್ಕೆ ಶೇ 17.2ರಷ್ಟು ಮಂದಿಗೆ ಅಲರ್ಜಿ ಬಂದಿತ್ತು, ಮೊದಲ ವರ್ಷದಿಂದಲೇ ನಿಯಮಿತವಾಗಿ ತಿಂದವರಲ್ಲಿ ಅದು ಶೇ 3.2 ಮಾತ್ರ. ಹೊಟ್ಟೆಯ ಮೂಲಕ ಬಂದ ಆಹಾರವನ್ನು ದೇಹ ಸಾಮಾನ್ಯವಾಗಿ ತನ್ನದೆಂದು ಒಪ್ಪಿಕೊಳ್ಳುತ್ತದೆ. ಅದೇ ಪ್ರೋಟೀನು ಬಿರುಕುಬಿಟ್ಟ, ಇಸುಬಿನ ಚರ್ಮದ ಮೂಲಕ ಮೊದಲು ಒಳಹೊಕ್ಕರೆ ಶತ್ರುವೆಂದು ಬಗೆಯುತ್ತದೆ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿರುವ ಮಕ್ಕಳಿಗೆ ಇಸುಬು ಮತ್ತು ಅಲರ್ಜಿ ಎರಡೂ ಹೆಚ್ಚು. ಆದ್ದರಿಂದ ಶಾಲಿನಿಯವರೇ, ಮಗಳ ಮೊಣಕೈ ಮಡಿಕೆಗೆ ದಿನವೂ ತೇವ ಉಳಿಸುವ ಮುಲಾಮು ಹಚ್ಚುವುದನ್ನು ಅಲಕ್ಷಿಸಬೇಡಿ.

ಬನಶಂಕರಿವಾಸಿ
ಆಹಾರ ಬಿಡಿ, ಬೆಂಗಳೂರಿನಲ್ಲಿ ಎಲ್ಲರೂ ಸೀನುವುದಕ್ಕೆ ರಸ್ತೆಯ ಬದಿಯ ಆ ಗುಲಾಬಿ ತಬೆಬುಯಾ ಮರಗಳೇ ಕಾರಣ. ಅವು ಅರಳಿದ ಕೂಡಲೇ ನನ್ನ ಮೂಗು ಸೋರತೊಡಗುತ್ತದೆ.

ಸಸ್ಯಶಾಸ್ತ್ರದ_ಮೇಷ್ಟ್ರು
ಪಾಪ, ತಬೆಬುಯಾವನ್ನು ಬಿಟ್ಟುಬಿಡಿ ಸ್ವಾಮಿ. ಕಣ್ಸೆಳೆಯುವ ಹೂಗಳು ಜೇನುನೊಣಗಳನ್ನು ಕರೆಯಲು ಇರುವಂಥವು, ಅವುಗಳ ಪರಾಗ ಭಾರವಾಗಿ ಅಂಟಂಟಾಗಿರುತ್ತದೆ, ಗಾಳಿಯಲ್ಲಿ ಹೆಚ್ಚು ಹಾರುವುದಿಲ್ಲ. ಮೂಗಿಗೆ ಕಾಟ ಕೊಡುವುದು ಯಾರೂ ಫೋಟೊ ತೆಗೆಯದ ಹೂಗಳು: ಹುಲ್ಲುಗಳು, ಸರ್ವೆ ಮರ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಖಾಲಿ ನಿವೇಶನಗಳಲ್ಲಿ ಎದೆಯೆತ್ತರ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಗಿಡ ದೇಶವನ್ನೆಲ್ಲ ಆವರಿಸಿತು. ಇದನ್ನು ಹತೋಟಿಗೆ ತರಲು ಮೆಕ್ಸಿಕೊದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಬೋಳಿಸುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ, ಗಿಡ ಮತ್ತೆ ಗೆಲ್ಲುತ್ತದೆ.

ಚರ್ಮತಜ್ಞ_ಧಾರವಾಡ
ಪಾರ್ಥೇನಿಯಂ ಎರಡು ದಾರಿಯಿಂದ ಹೊಡೆಯುತ್ತದೆ. ಪರಾಗದಿಂದ ಮೂಗಿನ ಅಲರ್ಜಿ, ಗಿಡದ ಪಾರ್ಥೆನಿನ್ ಎಂಬ ರಾಸಾಯನಿಕದಿಂದ ಚರ್ಮದ ಅಲರ್ಜಿ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು, ರೈತರ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ದಪ್ಪಗಾಗಿ ಬಿರುಕುಬಿಡುತ್ತದೆ. ಶ್ರಮದಾನದ ಹೆಸರಿನಲ್ಲಿ ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಇದನ್ನು ಕೀಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಶಾಲಿನಿ_ಮೈಸೂರು
ಎಲ್ಲರಿಗೂ ಧನ್ಯವಾದ. ಪ್ಯಾಕೇಜಿನವರ ಪಥ್ಯವನ್ನು ಆರಂಭಿಸುವುದಿಲ್ಲವೆಂದು ನಿರ್ಧರಿಸಿದ್ದೇವೆ. ಗಮನಿಸಿ ನೋಡಿದರೆ ಇವಳ ಸೀನು ಹಾಸಿಗೆ ಕೊಡವುವಾಗ, ಅಟ್ಟದಿಂದ ರಜಾಯಿ ಇಳಿಸಿದಾಗ ಹೆಚ್ಚಾಗುತ್ತದೆ. ರಜಾಯಿಯನ್ನು ಬಿಸಿಲಿಗೆ ಹಾಕಿದರೆ ಸಾಕೇ?

ಮಕ್ಕಳವೈದ್ಯೆ
ಬಿಸಿಲು ಒಳ್ಳೆಯದು, ಆದರೆ ಸಾಲದು. ನುಸಿಗಳು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವದಿಂದ ಬದುಕುತ್ತವೆ. ಬಿಸಿಲಿಗೆ ಒಣಗಿ ಸಾಯಬಹುದು, ಆದರೆ ಅಲರ್ಜಿ ತರುವ ಪ್ರೋಟೀನು ಅವುಗಳ ಹಿಕ್ಕೆಯಲ್ಲಿರುತ್ತದೆ, ಅದು ಬಟ್ಟೆಯಲ್ಲೇ ಉಳಿಯುತ್ತದೆ. ಹೊದಿಕೆ, ದಿಂಬಿನ ಕವಚಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಒಗೆಯಲಾಗದ ಹತ್ತಿ ಹಾಸಿಗೆಗೆ ಒತ್ತಾದ ನೇಯ್ಗೆಯ ಕವಚ ಹಾಕಿಸಿ. ಹಾಸಿಗೆ ಕೊಡವುವಾಗ ಮಗಳು ಆ ಕೋಣೆಯಲ್ಲಿ ಇರದಿರಲಿ. ಇಷ್ಟರಿಂದ ತಗ್ಗದಿದ್ದರೆ ಮೂಗಿಗೆ ಸಿಂಪಡಿಸುವ ಔಷಧಗಳಿವೆ, ವೈದ್ಯರನ್ನು ಕಂಡು ಕೇಳಿ.

ಹಳ್ಳಿಹೈದ
ನ್ಯೂಜೆರ್ಸಿಯವರ ಮಗನಿಗೆ ಆದಂಥದ್ದು ನಮ್ಮೂರಲ್ಲಿ ಯಾರಿಗಾದರೂ ಆದರೆ ಒಂದು ಅವಿಲ್ ಇಂಜೆಕ್ಷನ್ ಕೊಡಿಸಿದರೆ ಆಯಿತು, ಇಷ್ಟೆಲ್ಲ ಹೆದರಿಸುವುದೇಕೆ?

ಮಕ್ಕಳವೈದ್ಯೆ
ಇದನ್ನು ಮಾತ್ರ ಖಡಾಖಂಡಿತವಾಗಿ ತಿರಸ್ಕರಿಸುತ್ತೇನೆ. ಅವಿಲ್ ತುರಿಕೆ ಮತ್ತು ಗಂಧೆಗೆ ಸರಿ. ಉಸಿರು ಕಟ್ಟುತ್ತಿದ್ದರೆ, ಧ್ವನಿ ಬದಲಾಗಿದ್ದರೆ, ಮಗು ಬಿಳಿಚಿಕೊಂಡು ಕುಸಿಯುತ್ತಿದ್ದರೆ ಮೊದಲ ಔಷಧ ಅಡ್ರಿನಲಿನ್, ಅದೂ ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ. ಇದು ಅಗ್ಗದ ಔಷಧ, ತುರ್ತು ಚಿಕಿತ್ಸೆ ನೀಡುವಲ್ಲೆಲ್ಲ ಇರಬೇಕಾದದ್ದು. ರೋಗಿಯನ್ನು ನಡೆಸಿಕೊಂಡು ಹೋಗಬೇಡಿ, ಮಲಗಿಸಿಯೇ ಕರೆದೊಯ್ಯಿರಿ. ಉಸಿರಾಡಲು ಕಷ್ಟವಿದ್ದರೆ ಮಾತ್ರ ಕೂರಿಸಿ.

ರೀಲರ್_ರಾಮನಗರ
ಚರ್ಚೆಯನ್ನು ಮೊದಲಿನಿಂದ ಓದಿದೆ. ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಗೂಡು ಬೇಯಿಸುವ ಬಿಸಿನೀರಿನ ಹಬೆಯಲ್ಲಿ ವರ್ಷಗಟ್ಟಲೆ ನಿಂತ ಹೆಂಗಸರಲ್ಲಿ ಕೆಲವರಿಗೆ ದಮ್ಮು ಬಂದಿದೆ, ಈಗ ನನಗೂ ಸಂಜೆಯಾದರೆ ಎದೆ ಬಿಗಿಯುತ್ತದೆ. ಇದೂ ಅಲರ್ಜಿಯೇ? ನಾನೂ ಆ ಪ್ಯಾಕೇಜ್ ಪರೀಕ್ಷೆ ಮಾಡಿಸಬೇಕೇ?

ಮಕ್ಕಳವೈದ್ಯೆ
ಇದು ನನ್ನ ವಿಭಾಗವಲ್ಲದಿದ್ದರೂ ಉತ್ತರಿಸುತ್ತೇನೆ. ರೇಷ್ಮೆಗೂಡಿನ ಅಂಟು ಮತ್ತು ಗೂಡಿನೊಳಗಿನ ಪ್ಯೂಪಾದ ಪ್ರೋಟೀನುಗಳಿಂದ ಬರುವ ಔದ್ಯೋಗಿಕ ಆಸ್ತಮಾ ಕರ್ನಾಟಕದ ಫಿಲೇಚರ್‌ಗಳಲ್ಲಿ, ಅಂದರೆ ನೂಲು ಬಿಚ್ಚುವ ಘಟಕಗಳಲ್ಲಿ, 1980ರ ದಶಕದಿಂದಲೇ ದಾಖಲಾಗಿದೆ. ಪ್ಯಾಕೇಜಿಗೆ ಹಣ ಹಾಕಬೇಡಿ. ಉಸಿರನ್ನು ಎಷ್ಟು ಜೋರಾಗಿ ಊದಬಲ್ಲಿರಿ ಎಂಬುದನ್ನು ಅಳೆಯುವ, ಕೆಲವು ನೂರು ರೂಪಾಯಿಯ ಪೀಕ್ ಫ್ಲೋ ಮೀಟರ್ ಕೊಂಡು, ಕೆಲಸದ ದಿನಗಳಲ್ಲಿಯೂ ರಜೆಯ ದಿನಗಳಲ್ಲಿಯೂ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ ಊದಿ ಬರೆದಿಡಿ. ಕೆಲಸದ ದಿನ ಇಳಿದು ರಜೆಯಲ್ಲಿ ಏರುವ ಅಂಕಿಗಳಿದ್ದರೆ ಆ ಹಾಳೆಯನ್ನೇ ಶ್ವಾಸಕೋಶ ತಜ್ಞರ ಮುಂದಿಡಿ.

ರೀಲರ್_ರಾಮನಗರ
ಅಮಾವಾಸ್ಯೆಗೆ ನಮ್ಮಲ್ಲಿ ಘಟಕಕ್ಕೆ ರಜೆ ಇರುತ್ತದೆ, ಆದರೆ ಒಂದೇ ದಿನ. ಅಷ್ಟು ಸಾಕೇ?

ಮಕ್ಕಳವೈದ್ಯೆ
ಸಾಲದು. ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ ವಾರವಿಡೀ ಘಟಕದಿಂದ ದೂರವಿರುವಾಗ ಮೀಟರನ್ನು ಜೊತೆಗೇ ಒಯ್ಯಿರಿ. ಅಲ್ಲಿಯವರೆಗೆ ಬೇಯಿಸುವ ಬಾನಿಯ ಮೇಲೆ ಹಬೆ ಹೊರಗೆಳೆಯುವ ಫ್ಯಾನ್ ಹಾಕಿಸಿ, ಅದು ಉಳಿದ ಹೆಂಗಸರಿಗೂ ಆಗುತ್ತದೆ.